ಅಟ್ಟದ ಮೇಲಿನ ಕಂಪ್ಯೂಟರು, ಅದರೊಳಗಿನ ನಮ್ಮ ಅರ್ಜಿಗಳು



ಸ್ವಲ್ಪ ಉದ್ದ ಆಯ್ತು, ಪುರುಸೊತ್ತಿದ್ದಾಗ ಓದಿ.

ಹೋದ ವಾರ ನಾನು ಹಾಕಿದ ಫೋಟೋಗೆ ತುಂಬಾ ಜನ ನಕ್ಕಿದ್ದೀರಿ. ಶ್ರೀರಾಂಪುರದ ನಮ್ಮನೆ ಊಟದ ಟೇಬಲ್ ಮೇಲೆ ಬಿಚ್ಚಿಟ್ಟ ಹಳೇ ಪೆಂಟಿಯಂ ಕಂಪ್ಯೂಟರು, ಪಕ್ಕದಲ್ಲಿ ಪೇಂಟ್ ಬ್ರಷ್ಷು, ಪೆನ್ಸಿಲ್ ರಬ್ಬರು. "ಚಳವಳಿ ಬಿಟ್ಟು ಗುಜರಿ ಅಂಗಡಿ ಇಟ್ಕೊಂಡ್ಯಾ" ಅಂತ ಒಬ್ಬರು ಕೇಳಿದ್ರು. ಇನ್ನೊಬ್ಬರು "ಇದೆಲ್ಲ ಉಳ್ಳವರ ಶೋಕಿ, ನಮಗ್ಯಾಕೆ" ಅಂದ್ರು. ಮೊದಲನೆಯದಕ್ಕೆ ನಾನೂ ನಕ್ಕೆ. ಎರಡನೆಯದು ಕುಟುಕಿತು, ಯಾಕಂದ್ರೆ ಅದರಲ್ಲಿ ಅರ್ಧ ನಿಜ ಇದೆ.

ಹಳೇ ಮ್ಯಾಕಿಂಟಾಷು, ವಿಂಡೋಸ್ 3.1 ಓಡೋ ಪೆಟ್ಟಿಗೆ, ಇಂಥವನ್ನ ಹುಡುಕಿ ರಿಪೇರಿ ಮಾಡಿ ಇಟ್ಟುಕೊಳ್ಳೋ ಹವ್ಯಾಸಿಗಳು ಪ್ರಪಂಚದಲ್ಲೆಲ್ಲ ಇದ್ದಾರೆ. ಹಳದಿಯಾದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡ್ತಾರೆ. ವಿಂಡೋಸ್ 95 ಶುರುವಾಗೋವಾಗ ಬರೋ ಸದ್ದು, ಬ್ರಿಯಾನ್ ಈನೋ ಮಾಡಿದ್ದು, ಅದನ್ನ ಕೇಳಿ ಬಾಲ್ಯ ನೆನಪಾಯ್ತು ಅಂತಾರೆ. ನನ್ನ ಬಾಲ್ಯದಲ್ಲಿ ಆ ಸದ್ದು ಇರಲಿಲ್ಲ. 1995ರಲ್ಲಿ ಅದು ಬಂದಾಗ ನಾನು ಹೈಸ್ಕೂಲು, ಕಂಪ್ಯೂಟರನ್ನ ಕಣ್ಣಲ್ಲೂ ಕಂಡಿರಲಿಲ್ಲ. ಆಮೇಲೆ ಕಂಡಿದ್ದು ಒಂದು ಡಿಟಿಪಿ ಸೆಂಟರಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ಧೂಳಿಗೆ ಅಂತ. ಎಲ್ಲರೂ ಬಿಡ್ತಿದ್ರು, ನಾನೊಬ್ಬನೇ ಅಲ್ಲ. ಆದ್ರೂ ಹೊಸ್ತಿಲ ಹೊರಗೆ ನಿಂತು ಅಭ್ಯಾಸ ಇರೋ ಮೈಗೆ ಆ ಬಾಗಿಲು ಬೇರೇನನ್ನೋ ನೆನಪಿಸ್ತಿತ್ತು.

ಒಂದು ಒಳ್ಳೇ ಮಾತೂ ಹೇಳಬೇಕು. ಅದಕ್ಕೆ ಮುಂಚೆ ಇದ್ದ ಡಾಸ್‌ನಲ್ಲಿ ಕಪ್ಪು ಪರದೆ, ಇಂಗ್ಲಿಷಿನಲ್ಲಿ ಆದೇಶ ಟೈಪ್ ಮಾಡಬೇಕು, ಒಂದಕ್ಷರ ತಪ್ಪಿದ್ರೆ ಬೈಗುಳ. ವಿಂಡೋಸ್ ಬಂದ ಮೇಲೆ ಚಿತ್ರ, ಮೌಸು. ಕನ್ನಡ ಮೀಡಿಯಂನಲ್ಲಿ ಬಿ.ಎ. ಮಾಡಿದ ನಮ್ಮಂಥವರು ಪದ ಓದಿ ಕಲಿಯಲಿಲ್ಲ, ಜಾಗ ನೋಡಿ ಕಲಿತ್ವಿ. ಎಡಗಡೆ ಮೇಲಿನ ಮೊದಲನೇದು ಒತ್ತು, ಕೆಳಗಿಂದ ಮೂರನೇದು ಪ್ರಿಂಟು. ನಾನು ಇವತ್ತು ಗುಮಾಸ್ತನಾಗಿ ಅನ್ನ ತಿಂತಿರೋದು ಆ ಮೌಸಿನ ಋಣ.

ಈಗ ಆ ಪೆಟ್ಟಿಗೆ ವಿಷಯ. ಅದು ನಂದಲ್ಲ. 1999ರಲ್ಲಿ ನಮ್ಮ ಸಂಘದವರು ಚಂದಾ ಎತ್ತಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಿಂಡೋಸ್ 95, ಹದಿನಾರು ಎಂಬಿ ಮೆಮೊರಿ. ಇವತ್ತು ವಾಟ್ಸಪ್ಪಲ್ಲಿ ಬರೋ ಒಂದು ವಿಡಿಯೋ ಅದಕ್ಕಿಂತ ದೊಡ್ಡದಿರುತ್ತೆ. ನಮ್ಮ ಕರಪತ್ರ, ಸತ್ಯಶೋಧನಾ ವರದಿ, ಡೀಸಿಗೆ ಕೊಟ್ಟ ಮನವಿ ಎಲ್ಲ ಅದರಲ್ಲೇ ಆಗ್ತಿದ್ದಿದ್ದು. ಅದನ್ನ ನೋಡಿಕೊಳ್ತಿದ್ದ ಹಿರಿಯ ಸಂಗಾತಿ ತೀರಿಕೊಂಡ ಮೇಲೆ ಅವರ ಮನೆ ಅಟ್ಟ ಸೇರಿತ್ತು. ಮನೆಯವರು ಗುಜರಿಗೆ ಹಾಕೋಕೆ ಇಳಿಸಿದ್ದರು, ಅಷ್ಟರಲ್ಲಿ ನನಗೆ ಗೊತ್ತಾಯ್ತು. ಪೆಟ್ಟಿಗೆ ಜೊತೆ ಒಂದು ಬಿಸ್ಕತ್ ಡಬ್ಬಿ ತುಂಬಾ ಫ್ಲಾಪಿ.

ಅದರ ಬೆನ್ನು ಹತ್ತಿದ್ದಕ್ಕೆ ಕಾರಣ ಒಂದು ಪಿಟಿಸಿಎಲ್ ಕೇಸು. ನಿಮಗೆಲ್ಲ ಗೊತ್ತು, 1978ರ ಕಾಯ್ದೆ, ನಮ್ಮವರಿಗೆ ಮಂಜೂರಾದ ಭೂಮಿ ಪರಭಾರೆ ಆಗಬಾರದು ಅಂತ. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದ ಮೇಲೆ ಎಷ್ಟು ಕುಟುಂಬ ಭೂಮಿ ಬಿಟ್ಟು ಬರಿಗೈಲಿ ಬಂದ್ವು ನೋಡಿದ್ದೀವಿ. ಹೋರಾಟ ಮಾಡಿ 2023ರಲ್ಲಿ ತಿದ್ದುಪಡಿ ತಂದ್ವಿ, ಕಾಲಮಿತಿ ಇಲ್ಲ ಅಂತ. ಆದ್ರೂ "ಇಷ್ಟು ವರ್ಷ ಏನ್ ಮಾಡ್ತಿದ್ರಿ" ಅನ್ನೋ ಪ್ರಶ್ನೆ ಕೋರ್ಟಿನಲ್ಲಿ ಏಳ್ತಾನೇ ಇದೆ. ನನಗೆ ಗೊತ್ತಿರೋ ಒಂದು ಕುಟುಂಬಕ್ಕೂ ಅದೇ ಪ್ರಶ್ನೆ. ಅವರು ಸುಮ್ಮನಿರಲಿಲ್ಲ, ಅರ್ಜಿ ಕೊಟ್ಟಿದ್ರು. ಅದನ್ನ ಈ ಕಂಪ್ಯೂಟರಿನಲ್ಲಿ ಟೈಪ್ ಮಾಡೋವಾಗ ಸರ್ವೆ ನಂಬರ್ ಓದಿ ಹೇಳಿದವನು ನಾನೇ. ಆದರೆ ಅವರ ಹತ್ತಿರ ಇದ್ದ ಪ್ರತಿ ಮಳೆಗೆ ಸೋರಿದ ಮನೆಯಲ್ಲಿ ಮುದ್ದೆಯಾಗಿತ್ತು, ಕಚೇರಿಯವರು "ಕಡತ ಲಭ್ಯವಿಲ್ಲ" ಅಂತ ಬರೆದುಕೊಟ್ಟಿದ್ದರು.

ಹಾರ್ಡ್ ಡಿಸ್ಕ್ ಕಿತ್ತು ಹೊಸ ಕಂಪ್ಯೂಟರಿಗೆ ಹಾಕಿ ಓದಿದ್ರೆ ಆಯ್ತಲ್ಲ ಅಂತೀರಿ. ನಾನೂ ಹಂಗೇ ಅಂದ್ಕೊಂಡೆ. ಒಬ್ಬ ಇಂಜಿನಿಯರ್ ತಮ್ಮನ ಸಹಾಯದಿಂದ ಮೊದಲು ಡಿಸ್ಕಿನ ಪೂರ್ತಿ ಪ್ರತಿ ತೆಗೆದ್ವಿ. (ಇದನ್ನ ಮಾತ್ರ ಮರೀಬೇಡಿ, ಮೂಲಕ್ಕೆ ಕೈ ಹಾಕೋ ಮುಂಚೆ ಪ್ರತಿ.) ಫೈಲುಗಳು ಇದ್ವು, ಓದೋಕೆ ಆಗ್ತಿಲ್ಲ. ವಿಂಡೋಸ್ 95ಗೆ ಕನ್ನಡ ಗೊತ್ತಿರಲಿಲ್ಲ. ಆಗಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸ್ತಿದ್ವು. ಕಂಪ್ಯೂಟರು ಒಳಗೊಳಗೆ ಇಂಗ್ಲಿಷ್ ಅಂತಲೇ ತಿಳಿದಿರುತ್ತೆ, ಕಣ್ಣಿಗೆ ಮಾತ್ರ 'ಕ' ಕಾಣುತ್ತೆ. ಒಂದೊಂದು ತಂತ್ರಾಂಶದ ಜಾಗ ಒಂದೊಂದು. ಆ ಫಾಂಟ್ ಇಲ್ಲದಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಅಷ್ಟೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿದ್ರೂ ವಿಂಡೋಸ್‌ನಲ್ಲಿ ಅದು ನಮ್ಮ ಕೈಗೆ ಸಿಕ್ಕಿದ್ದು 2001ರ ಎಕ್ಸ್‌ಪಿ ಬಂದ ಮೇಲೆ.

ನುಡಿ, ಬರಹದಲ್ಲಿ ಮಾಡಿದ ಕಡತಕ್ಕೆ ಪರಿವರ್ತಕಗಳಿವೆ, ಕನ್ನಡದ ಹುಡುಗರು ಪುಣ್ಯದ ಕೆಲಸ ಮಾಡಿದ್ದಾರೆ. ನಮ್ಮದು ಪೇಜ್‌ಮೇಕರ್ ಫೈಲು. ಅದನ್ನ ಈಗಿನ ಇನ್‌ಡಿಸೈನ್ ತೆರೆಯಲ್ಲ. ಹಳೇ ವಿಂಡೋಸನ್ನ ಹೊಸ ಕಂಪ್ಯೂಟರಿನ ಒಳಗೇ ಓಡಿಸೋ ಉಪಾಯವನ್ನೂ ತಮ್ಮ ಮಾಡಿದ. ಓಡ್ತು. ಆದರೆ ಆ ಕನ್ನಡ ತಂತ್ರಾಂಶಕ್ಕೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸೋ ಹೆಬ್ಬೆರಳು ಗಾತ್ರದ ಬೀಗ ಬೇಕು, ಅದಿಲ್ಲದೆ ಬಾಯಿ ಬಿಡಲ್ಲ. ಆ ಬೀಗ ಹಳೇ ಪೆಟ್ಟಿಗೆಯ ಬೆನ್ನಲ್ಲೇ ಇತ್ತು. ಹೊಸ ಕಂಪ್ಯೂಟರಿನಲ್ಲಿ ಆ ತೂತೇ ಇಲ್ಲ.

ಹಾಗಾಗಿ ಪೆಟ್ಟಿಗೇನೇ ಬದುಕಿಸಬೇಕಾಯ್ತು. ಪವರ್ ಸಪ್ಲೈ ಸತ್ತಿತ್ತು, ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಳೇದೊಂದು ತಂದೆ. ಬೋರ್ಡಿನ ಮೇಲೆ ಉಬ್ಬಿದ್ದ ಎರಡು ಕೆಪಾಸಿಟರ್‌ಗಳನ್ನ ಟಿವಿ ರಿಪೇರಿ ಮಾಡೋ ಹುಡುಗ ಬದಲಾಯಿಸಿಕೊಟ್ಟ, ದುಡ್ಡು ಬೇಡ ಅಂದ. ಮೆಮೊರಿ ಕಡ್ಡಿಯ ಕಾಲು ಕಪ್ಪಾಗಿತ್ತು, ರಬ್ಬರಿನಲ್ಲಿ ಉಜ್ಜಿದೆ. ಗುಂಡು ಬ್ಯಾಟರಿ ಹೊಸದು ಹಾಕಿದೆ. ಪರದೆ ಮೇಲೆ ಮೋಡದ ಚಿತ್ರ ಬಂದಾಗ ಮನೆಯವಳು ಅಡಿಗೆಮನೆಯಿಂದ ಓಡಿಬಂದಳು, ನಾನು ಅಷ್ಟು ಜೋರಾಗಿ ಕೂಗಿದ್ದೆ. ಸ್ಪೀಕರ್ ಇಲ್ಲ, ಹಾಗಾಗಿ ಈನೋ ಸಂಗೀತ ಇಲ್ಲ.

ಅರ್ಜಿ ಸಿಕ್ತು. ಸಿಕ್ಕಿದ್ದು ಮೂಲ ಅರ್ಜಿ ಅಲ್ಲ, ಅದಾದ ಮೇಲೆ ಕೊಟ್ಟ ನೆನಪೋಲೆ.

ಕೋರ್ಟಿಗೆ ಇದೇ ಸಾಕ್ಷಿ ಅಂತ ನಾನು ಹೇಳ್ತಿಲ್ಲ. ಬ್ಯಾಟರಿ ಸತ್ತ ಕಂಪ್ಯೂಟರಿನ ಗಡಿಯಾರ 1980ರ ಜನವರಿ ಒಂದಕ್ಕೆ ಹೋಗಿ ಕೂತಿತ್ತು, ಅಂಥದ್ದರ ತಾರೀಖನ್ನ ಯಾವ ವಕೀಲ ಒಪ್ತಾನೆ? ಆದ್ರೆ ಗುಮಾಸ್ತನ ಕಣ್ಣಿಗೆ ಬೇರೆ ಕಂಡಿತು. ನೆನಪೋಲೆಯ ಉಲ್ಲೇಖದಲ್ಲಿ ಮೊದಲ ಅರ್ಜಿಯ ದಿನಾಂಕ ಇತ್ತು, ಕಚೇರಿಯ ಇನ್‌ವರ್ಡ್ ನಂಬರ್ ಇತ್ತು. "ನಮ್ಮ ಅರ್ಜಿ ಹುಡುಕಿಕೊಡಿ" ಅಂತ ಕೇಳೋದು ಬೇರೆ, "ಇಂಥ ದಿನದ ಇಂಥ ನಂಬರಿನ ಇನ್‌ವರ್ಡ್ ರಿಜಿಸ್ಟರ್ ಪುಟದ ದೃಢೀಕೃತ ನಕಲು ಕೊಡಿ" ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋದು ಬೇರೆ. ಕಡತ ಕಳೆದುಹೋಗುತ್ತೆ, ರಿಜಿಸ್ಟರ್ ಅಷ್ಟು ಸುಲಭಕ್ಕೆ ಕಳೆಯಲ್ಲ. ಅರ್ಜಿ ಹಾಕಿದ್ದೀವಿ, ಉತ್ತರ ಬರಬೇಕು.

ಒಂದು ವಿಚಿತ್ರ ನೋಡಿ. ನಮ್ಮ ಹಿರಿಯರು ಬೂಸಾ ಗಲಾಟೆ ಕಾಲದಿಂದ ಟ್ರಂಕಿನಲ್ಲಿಟ್ಟ ಮೊಳೆ ಅಚ್ಚಿನ ಕರಪತ್ರಗಳನ್ನ ಇವತ್ತಿಗೂ ಓದಬಹುದು. ಐವತ್ತು ವರ್ಷ ಆಯ್ತು. ಅಂಚು ಮುರೀತದೆ, ಅಕ್ಷರ ಇದೆ. ನಾವು 'ಮುಂದುವರಿದು' ಕಂಪ್ಯೂಟರಿನಲ್ಲಿ ಮಾಡಿದ್ದು ಇಪ್ಪತ್ತೈದೇ ವರ್ಷಕ್ಕೆ ಮೂಕ ಆಗಿದೆ. ಹೆಚ್ಚುಕಮ್ಮಿ 1995ರಿಂದ ಹತ್ತು ವರ್ಷದ ನಮ್ಮ ಬರವಣಿಗೆ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ, ಅಟ್ಟದ ಮೇಲೆ, ಫ್ಲಾಪಿಯಲ್ಲಿ, ಬೂಷ್ಟು ಹಿಡೀತಾ ಇದೆ ಅನ್ನಬೇಕು. ಏಪ್ರಿಲ್ 14ಕ್ಕೆ ಫ್ಲೆಕ್ಸಿಗೆ ಎಷ್ಟು ಸುರೀತೀವಿ, ಒಂದು ಬೀರು ಕೊಂಡು ಕಾಗದ ಇಟ್ಟಿದ್ದೀವಾ? ಬಾಬಾಸಾಹೇಬರು ಮುಂಬೈಯಲ್ಲಿ ರಾಜಗೃಹ ಕಟ್ಟಿಸಿದ್ದೇ ಪುಸ್ತಕಗಳನ್ನ ಮನಸ್ಸಿನಲ್ಲಿಟ್ಟುಕೊಂಡು. ಅಂಥವರ ಬರಹ, ಭಾಷಣಗಳನ್ನ ಮಹಾರಾಷ್ಟ್ರ ಸರ್ಕಾರ ಸಂಪುಟವಾಗಿ ತರೋಕೆ ಶುರು ಮಾಡಿದ್ದು 1979ರಲ್ಲಿ, ಅವರು ಹೋಗಿ 23 ವರ್ಷಕ್ಕೆ. ನಮ್ಮ ಹಳ್ಳಿ ಶಾಖೆಯ ಮನವಿಯನ್ನ ಯಾವ ಸರ್ಕಾರ ಹುಡುಕಿಕೊಂಡು ಬರುತ್ತೆ?

ಗುಜರಿಯಲ್ಲಿ ಈ ಪೆಟ್ಟಿಗೆ ಸಿಕ್ಕಿದ್ರೆ ಅದನ್ನ ಒಡೆಯೋ ಕೈ ಯಾರದು, ತಂತಿ ಸುಟ್ಟು ತಾಮ್ರ ತೆಗೆಯೋ ಹೊಗೆ ಯಾರ ಎದೆಗೆ ಹೋಗುತ್ತೆ, ಅದೂ ನಿಮಗೆ ಗೊತ್ತು. ಅದರ ಬಗ್ಗೆ ಇನ್ನೊಂದು ಸಲ ಬರೀತೀನಿ.

ಈಗ ಕೆಲಸದ ಮಾತು. ಹಳೇ ಡಿಟಿಪಿ ಮಾಡ್ತಿದ್ದ ಸಂಗಾತಿಗಳ ಮನೇಲಿ ಸಿಪಿಯು, ಫ್ಲಾಪಿ, ಸಿಡಿ, ಪ್ರಿಂಟರ್ ಪೋರ್ಟಿನ ಆ ಬೀಗ, ಏನಿದ್ರೂ ಮಾರಬೇಡಿ, ಸ್ವಿಚ್ ಹಾಕಿ ನೋಡೋಕೂ ಹೋಗಬೇಡಿ. ಇನ್‌ಬಾಕ್ಸಿಗೆ ಬನ್ನಿ, ನಾನೇ ಬಂದು ತಗೊಂಡು ಹೋಗ್ತೀನಿ, ಪ್ರತಿ ತೆಗೆದು ವಾಪಸ್ ಕೊಡ್ತೀನಿ. ಪ್ರೂಫ್ ನೋಡೋರೂ ಬೇಕು. ಪರಿವರ್ತನೆ ಆದಾಗ ಒತ್ತಕ್ಷರ, ಅರ್ಕಾವತ್ತು ಅಡ್ಡಾದಿಡ್ಡಿ ಆಗ್ತವೆ, ಊರಿನ ಹೆಸರು, ಸರ್ವೆ ನಂಬರು ತಪ್ಪಿದ್ರೆ ಕಥೆ ಮುಗೀತು. ಕಣ್ಣಿಟ್ಟು ಓದಬೇಕು.

ಬಿಸ್ಕತ್ ಡಬ್ಬಿಯಲ್ಲಿ ನಲವತ್ತೊಂದು ಫ್ಲಾಪಿ ಇದ್ವು. ಇಪ್ಪತ್ತಾರು ಓದಿದ್ವಿ, ಒಂಬತ್ತು ಸತ್ತಿವೆ. ಉಳಿದ ಆರು ಈ ಭಾನುವಾರ. ಒಂದರ ಚೀಟಿ ಮೇಲೆ ಹಿರಿಯರ ಕೈಬರಹದಲ್ಲಿ 'ಪಟ್ಟಿ' ಅಂತ ಮಾತ್ರ ಇದೆ. ಯಾವ ಪಟ್ಟಿಯೋ.