ಸೋಲು ಬಿತ್ತಿದರೆ ಗೆಲುವು ಬೆಳೆದೀತೇ?

ಪರೀಕ್ಷೆಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಪಡೆದವನಿಗೆ ಮುಂದಿನ ವರ್ಷ ಒಳ್ಳೆಯ ಪುಸ್ತಕಗಳನ್ನು ಮೊದಲು ಆರಿಸಿಕೊಳ್ಳುವ ಹಕ್ಕು ಕೊಟ್ಟರೆ ಏನಾದೀತು? ಹಿಂದುಳಿದವನಿಗೆ ಆಸರೆಯೇನೋ ಸಿಗುತ್ತದೆ. ಆದರೆ ಬೇಕೆಂದೇ ಕಡಿಮೆ ಅಂಕ ಪಡೆಯುವವರೂ ಹುಟ್ಟಿಕೊಳ್ಳುತ್ತಾರೆ! ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಎದುರಿಸುತ್ತ ಬಂದಿರುವ ತೊಡಕು ಇದೇ.

ಅಲ್ಲಿ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಬಲಾಬಲ ಸಮವಾಗಲೆಂದು ಸೋತವರಿಗೆ ಆದ್ಯತೆ. ಇದನ್ನೇ ನಂಬಿ ಕೆಲವು ತಂಡಗಳು ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟು, ಎರಡು ಮೂರು ವರ್ಷ ಸೋತು, ಹೊಸದಾಗಿ ತಂಡ ಕಟ್ಟುವ ದಾರಿ ಹಿಡಿದವು. ಬೇಕೆಂದೇ ಸೋಲುವುದನ್ನು ತಡೆಯಲು 1985ರಲ್ಲಿ ಲಾಟರಿ ಬಂತು.

1994ರಲ್ಲಿ ಜಾರಿಯಾದ ಲಾಟರಿಯ ಗಣಿತ ಸ್ವಾರಸ್ಯಕರ. ಯಂತ್ರದಲ್ಲಿ 14 ಚೆಂಡುಗಳು, ತೆಗೆಯುವುದು ನಾಲ್ಕು. ಲೆಕ್ಕ ಹಾಕಿ ನೋಡಿ, ಒಟ್ಟು ವಿಕಲ್ಪಗಳು 1001. ಒಂದನ್ನು ಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚಿದರು. ಕಟ್ಟಕಡೆಯ ತಂಡಕ್ಕೆ 250 ಸಿಗುತ್ತಿತ್ತು. 2019ರಲ್ಲಿ ಅದನ್ನು 140ಕ್ಕೆ ಇಳಿಸಿ, ಕೊನೆಯ ಮೂರು ತಂಡಗಳಿಗೂ ಅಷ್ಟಷ್ಟೇ ಕೊಟ್ಟರು. ಅಂದರೆ ಸಂಭವನೀಯತೆ 0.14. ಮೂರು ವರ್ಷ ಸತತ ಸೋತರೂ ಮೊದಲ ಸ್ಥಾನ ಒಮ್ಮೆಯೂ ದಕ್ಕದಿರುವ ಸಂಭವ 0.86ರ ಘನ, ಸುಮಾರು 0.64!

ಡೆಟ್ರಾಯಿಟ್ ತಂಡಕ್ಕೆ ಆದದ್ದು ಇದೇ. 2023, 2024 ಎರಡೂ ವರ್ಷ ಕಟ್ಟಕಡೆಗೆ ನಿಂತರೂ ಸಿಕ್ಕಿದ್ದು ಐದನೆಯ ಸರದಿ. ಫಿಲಡೆಲ್ಫಿಯ ತಂಡ 2013ರಿಂದ 2016ರವರೆಗಿನ ಮೂರು ಋತುಗಳ 246 ಪಂದ್ಯಗಳಲ್ಲಿ 199ನ್ನು ಸೋತಿತು. ಜೋಯೆಲ್ ಎಂಬೀಡ್‌ನಂಥ ಶ್ರೇಷ್ಠ ಆಟಗಾರ ದೊರೆತದ್ದು ನಿಜ. ಆದರೆ ಪಾದದ ಗಾಯದಿಂದ ಆತ ಮೊದಲೆರಡು ಋತು ಆಡಲೇ ಇಲ್ಲ. 2018ರಿಂದ 2024ರವರೆಗೆ ಪ್ರತಿವರ್ಷ ಪ್ಲೇಆಫ್ ತಲುಪಿದರೂ ತಂಡ ಎರಡನೆಯ ಸುತ್ತು ದಾಟಲಿಲ್ಲ.

ಹಾಗಾದರೆ ಈ ದಾರಿ ವ್ಯರ್ಥವೇ? ಪೂರ್ತಿ ಅಲ್ಲ. ಒಕ್ಲಹೋಮ ಸಿಟಿ ತಂಡ 2021ರಲ್ಲಿ 22, 2022ರಲ್ಲಿ 24 ಪಂದ್ಯಗಳನ್ನಷ್ಟೇ ಗೆದ್ದು, 2025ರಲ್ಲಿ ಚಾಂಪಿಯನ್ ಆಯಿತು. ಆದರೆ ಅದರ ನಾಯಕಮಣಿ ಶೇ ಗಿಲ್ಜಸ್-ಅಲೆಕ್ಸಾಂಡರ್ ಲಾಟರಿಯಿಂದ ಬಂದವನಲ್ಲ. 2019ರಲ್ಲಿ ವಿನಿಮಯದಲ್ಲಿ ಬಂದವನು. ಸೋಲುತ್ತಿದ್ದಾಗಲೂ ಅವನನ್ನು ಕಣಕ್ಕಿಳಿಸಿ ಬೆಳೆಸಿದರು. 2023ರಲ್ಲಿ ಡೆನ್ವರ್‌ಗೆ ಕಿರೀಟ ತಂದ ನಿಕೋಲಾ ಯೋಕಿಚ್ ಡ್ರಾಫ್ಟಿನಲ್ಲಿ 41ನೆಯವನು!

ಲಾಟರಿ ಒಂದು ಅವಕಾಶವನ್ನು ಮಾತ್ರ ಕೊಡುತ್ತದೆ. ತರಬೇತಿ, ಆಯ್ಕೆಯ ಜಾಣತನ, ಗೆಲ್ಲುವ ರೂಢಿ ಇವನ್ನು ತಂಡವೇ ಗಳಿಸಬೇಕು.

ಪಾಲಕರೇ, ‘ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಬರೆಯಲಿ’ ಎಂದು ಹೇಳುವ ಮುನ್ನ ಮಗುವನ್ನು ಕೂರಿಸಿಕೊಂಡು ಕೇಳಿ: ಆ ವರ್ಷದಲ್ಲಿ ಯಾವ ಪಾಠ, ಯಾರ ನೆರವಿನಿಂದ, ದಿನಕ್ಕೆ ಎಷ್ಟು ಹೊತ್ತು? ಸ್ಪಷ್ಟ ಉತ್ತರವಿದ್ದರೆ ಧೈರ್ಯವಾಗಿ ಒಪ್ಪಿ. ಇಲ್ಲವಾದರೆ, ಸಿಕ್ಕ ಕಾಲೇಜಿಗೆ ಈಗಲೇ ಸೇರಿಸಿ.