ಕತ್ತಿಗೆ ಹೆಸರಿಡಬೇಕಾದದ್ದು ಕೆಲಸವೋ, ಅಂಗಡಿಯೋ?



ಕಳೆದ ತಿಂಗಳು ನಮ್ಮ ಯುವ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ಮೊಬೈಲಿನಲ್ಲಿ ತರಿಸಿಕೊಂಡ ಮಡಚುವ ಚಾಕುವೊಂದನ್ನು ಮೇಜಿನ ಮೇಲಿಟ್ಟರು. ಅಲಗು ಕಪ್ಪು, ಹಿಡಿ ಕಪ್ಪು, ಜೇಬಿಗೆ ಸಿಕ್ಕಿಸುವ ಕ್ಲಿಪ್ಪೂ ಕಪ್ಪು. "ಇದು ಟ್ಯಾಕ್ಟಿಕಲ್ ಚಾಕು ಸಾರ್, ನಿಮ್ಮ ಸೊಂಟದಲ್ಲಿರೋದು ಟ್ರೆಡಿಷನಲ್" ಎಂದರು. ಇಷ್ಟು ವರ್ಷ ತೋಟಕ್ಕೆ ಒಯ್ಯುತ್ತಿದ್ದ ಕತ್ತಿಗೆ ಇಂಥದೊಂದು ಬಿರುದು ಇದೆಯೆಂದು ನಮಗೆ ತಿಳಿದದ್ದು ಅಂದೇ. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸಂಘದ ಮಳಿಗೆಯಲ್ಲಿ ಯಾವ ಕತ್ತಿ ಇಡಬೇಕೆಂಬ ಪ್ರಶ್ನೆ ಈ ಸಲದ ಸರ್ವಸದಸ್ಯರ ಸಭೆಗೆ ಬರಲಿರುವುದರಿಂದ, ಈ ಹೆಸರುಗಳ ಒಳಹೊರಗನ್ನು ಸ್ವಲ್ಪ ನೋಡುವುದು ಒಳ್ಳೆಯದೆಂದು ತೋರಿತು.

ಈ ವಿಂಗಡಣೆ ಬೆಳೆದದ್ದು ಹೆಚ್ಚಾಗಿ ಅಮೆರಿಕದ ಚಾಕು ಪ್ರಿಯರ ನಡುವೆ. ಅವರ ಲೆಕ್ಕದಲ್ಲಿ 'ಸಾಂಪ್ರದಾಯಿಕ' ಎಂದರೆ ಬೆನ್ನಿನ ಸ್ಪ್ರಿಂಗಿನ ಬಲದಲ್ಲಿ ಮಾತ್ರ ನಿಲ್ಲುವ, ಬೀಗವಿಲ್ಲದ, ಉಗುರು ಸಿಕ್ಕಿಸಿ ಎರಡು ಕೈಯಿಂದ ತೆರೆಯುವ ಚಾಕು. ಹಿಡಿಗೆ ಮೂಳೆ, ಕೊಂಬು ಇಲ್ಲವೆ ಮರ. 'ಆಧುನಿಕ' ಎಂದರೆ ಒಂದೇ ಕೈಯಲ್ಲಿ ತೆರೆಯಬಹುದಾದ, ತೆರೆದ ಮೇಲೆ ಬೀಗ ಬೀಳುವ, ಜೇಬಿಗೆ ಕ್ಲಿಪ್ಪಿರುವ ಚಾಕು. ಸ್ಪೈಡರ್ಕೋ ಎಂಬ ಸಂಸ್ಥೆ 1981ರಲ್ಲಿ ಹೊರತಂದ ಚಾಕು ಈ ದಾರಿಯನ್ನು ತೆರೆಯಿತು. ಅಲಗಿನಲ್ಲಿ ಹೆಬ್ಬೆರಳಿಗೊಂದು ದುಂಡನೆಯ ತೂತು, ಪಕ್ಕಕ್ಕೊಂದು ಕ್ಲಿಪ್ಪು. ಅದಕ್ಕೆ ಅವರಿಟ್ಟ ಹೆಸರು 'ವರ್ಕರ್', ಅಂದರೆ ಕೆಲಸಗಾರ ಎಂಬುದನ್ನು ಸದಸ್ಯರು ಗಮನಿಸಬೇಕು. ಮುಂದೆ 1980 ಮತ್ತು 90ರ ದಶಕಗಳಲ್ಲಿ ಇದೇ ಬಗೆಯ ಚಾಕುವಿಗೆ ಹೊಳೆಯದ ಬಣ್ಣ ಬಳಿದು, ಮೊನೆ ಬಲಪಡಿಸಿ, ಸೈನಿಕನ ವೇಷ ತೊಡಿಸಿದಾಗ ಅದು 'ಟ್ಯಾಕ್ಟಿಕಲ್' ಆಯಿತು. ಕೆಲಸಗಾರನಾಗಿ ಹುಟ್ಟಿದ್ದು ಹತ್ತಿಪ್ಪತ್ತು ವರ್ಷದಲ್ಲಿ ಸಿಪಾಯಿಯಾಯಿತು.

ಈ ಬೇಲಿಗಳು ಗಟ್ಟಿಯಾಗಿಯೂ ಇಲ್ಲ. 1964ರಲ್ಲಿ ಬಂದ ಬಕ್ ಸಂಸ್ಥೆಯ 110ನೇ ನಮೂನೆಯ ಬೇಟೆಚಾಕುವಿಗೆ ಹಿತ್ತಾಳೆ ತುದಿ, ಮರದ ಹಿಡಿ. ಆದರೆ ಅದಕ್ಕೆ ಬೀಗವಿದೆ. ಹಿಡಿ ನೋಡಿದರೆ ಹಳತು, ಬೀಗ ನೋಡಿದರೆ ಹೊಸತು. ಫ್ರಾನ್ಸಿನ ಸವಾಯ್ ಪ್ರಾಂತದ ಗುಡ್ಡಗಾಡಿನಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕು ರೈತರ ಜೇಬಿನದು. ಬೆರಳಿನ ಮೇಲೆ ಮಡಚಿಕೊಳ್ಳದಂತೆ ಅದಕ್ಕೆ ತಿರುಗಿಸುವ ಉಂಗುರ ಬಂದದ್ದು 1955ರಲ್ಲಿ. ಅಂದಿನಿಂದ ಬೀಗವಿದ್ದರೂ ಅದನ್ನು ಸಾಂಪ್ರದಾಯಿಕ ಎಂದೇ ಕರೆಯುತ್ತಾರೆ. ಹೀಗಾಗಿ ಈ ಹೆಸರುಗಳು ಚಾಕುವಿನ ಗುಣಕ್ಕಿಂತ ಕೊಳ್ಳುವವನ ಮನಸ್ಸನ್ನೇ ಹೆಚ್ಚಾಗಿ ಹೇಳುತ್ತವೆ ಎಂಬುದು ನಮ್ಮ ಅಭಿಪ್ರಾಯ. ಹವ್ಯಾಸಿಗಳು ಹಾಗೆ ವಿಂಗಡಿಸಿಕೊಂಡರೆ ತಪ್ಪೇನೂ ಇಲ್ಲ. ಅಂಚೆಚೀಟಿ ಕೂಡಿಡುವವರಿಗೂ ತಮ್ಮದೇ ಕ್ರಮವಿರುತ್ತದೆ. ಆದರೆ ಆ ಹೆಸರನ್ನು ನಂಬಿ ತೋಟದವರು ಹಣ ತೆರುವಾಗ ವಿಚಾರ ಬೇರೆಯಾಗುತ್ತದೆ.

ನಮ್ಮಲ್ಲಿ ಕತ್ತಿಗೆ ಹೆಸರು ಕೊಟ್ಟದ್ದು ಕೆಲಸ. ಮೆಟ್ಟಿ ಕುಳಿತು ಅಡಿಕೆ ಸುಲಿಯುವುದರಿಂದ ಅದು ಮೆಟ್ಟುಗತ್ತಿ. ಹೋಳು ಮಾಡುವುದು ಅಡಕತ್ತರಿ, ಹುಲ್ಲಿಗೆ ಕುಡುಗೋಲು, ಕಪಾತಿಗೆ ಕಪಾತು ಕತ್ತರಿ. ಮೆಟ್ಟುಗತ್ತಿ ಸಾಂಪ್ರದಾಯಿಕವೋ ಆಧುನಿಕವೋ ಎಂದು ಸುಲಿಯಲು ಕುಳಿತ ಹೆಂಗಸರನ್ನು ಕೇಳಿದರೆ, "ಹರಿತ ಇದೆಯೋ ಇಲ್ಲವೋ ಅದನ್ನು ಹೇಳಿ" ಎಂದಾರು. ಆಯುಧ ಎಂಬ ಮಾತನ್ನೇ ನೋಡಿ. ಆಯುಧಪೂಜೆಯ ದಿನ ಕತ್ತಿ, ಹಾರೆ, ಗುದ್ದಲಿ, ಔಷಧಿ ಹೊಡೆಯುವ ಯಂತ್ರ ಎಲ್ಲಕ್ಕೂ ಒಂದೇ ಕುಂಕುಮ. ನೆರೆಯ ಕೊಡಗಿನಲ್ಲಿ ಪೀಚೆಕತ್ತಿ, ಒಡಿಕತ್ತಿಗಳಿವೆ. ಒಂದು ಕಾಲಕ್ಕೆ ಕಾಳಗಕ್ಕೊದಗಿದ ಒಡಿಕತ್ತಿ ಇಂದು ಮದುವೆಮನೆಯಲ್ಲಿ ಬಾಳೆ ಕಡಿಯುವ ಗೌರವದ ಕತ್ತಿಯಾಗಿದೆ. ಅಲ್ಲಿ ಯುದ್ಧದ ಕತ್ತಿ ಮನೆಗೆ ಬಂದಿತು, ಇಲ್ಲಿ ಕೆಲಸದ ಚಾಕುವನ್ನು ಯುದ್ಧಕ್ಕೆ ಕಳಿಸುತ್ತಿದ್ದೇವೆ!

ಇದು ಬರಿಯ ಮಾತಿನ ಜಗಳವೂ ಅಲ್ಲ. 1959ರ ಆಯುಧ ಕಾಯಿದೆಯು 'ಆಯುಧ' ಎಂಬುದರ ಅರ್ಥ ಹೇಳುವಾಗ ಮನೆಬಳಕೆಗೆ ಅಥವಾ ಕೃಷಿಗೆಂದೇ ಮಾಡಿದ ವಸ್ತುಗಳನ್ನು ಹೊರಗಿಟ್ಟಿದೆ. ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಇಲ್ಲವೆ 2 ಇಂಚಿಗಿಂತ ಅಗಲವಾದ ಅಲಗಿನ ಮಾತು ಬರುವಲ್ಲಿಯೂ ಕೃಷಿಯ ಉಪಕರಣಗಳಿಗೆ ವಿನಾಯಿತಿ ಇದೆ. ಅಂದರೆ ಕಾನೂನು ಅಳತೆಯ ಜೊತೆಗೆ ಉದ್ದೇಶವನ್ನೂ ನೋಡುತ್ತದೆ. ಮೊಳದುದ್ದದ ಕತ್ತಿ ಸಿಕ್ಕಿಸಿಕೊಂಡು ನಮ್ಮ ಆಳುಗಳು ಪೇಟೆಯ ಬಸ್ ನಿಲ್ದಾಣದಲ್ಲಿ ನಿಂತರೂ ಯಾರೂ ಬೆದರುವುದಿಲ್ಲ, ಅದು ತೋಟದ ಕತ್ತಿಯೆಂದು ಎಲ್ಲರಿಗೂ ಗೊತ್ತು. ಕಾದಾಟಕ್ಕೆಂದೇ ಮಾಡಿದ್ದು ಎಂದು ತಾನೇ ಸಾರುವ ಚಾಕು ಜೇಬಿನಲ್ಲಿದ್ದರೆ, ತೋಟದ ಕೆಲಸಕ್ಕೆ ಎಂದು ಹೇಳುವ ಬಾಯಿಗೆ ಬಲ ಕಡಿಮೆ. ಹುಡುಗರು ಇದನ್ನು ತಿಳಿದಿರಲಿ.

ಹೆಸರಿಗೆ ಮರುಳಾಗುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಕೆಲವು ವರ್ಷಗಳ ಹಿಂದೆ ಪಟ್ಟಣದ ವ್ಯಾಪಾರಿಯೊಬ್ಬರ ಮಾತು ಕೇಳಿ, 'ಆಧುನಿಕ' ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದ ಹೊಳೆಯುವ ಕತ್ತಿಗಳನ್ನು ಮಳಿಗೆಗೆ ತರಿಸಿದ್ದೆವು. ತುಕ್ಕು ಹಿಡಿಯಲಿಲ್ಲ, ನಿಜ. ಆದರೆ ರೊಬಸ್ಟಾದ ಒಣ ಕಾಂಡಕ್ಕೆ ನಾಲ್ಕು ಏಟು ಬೀಳುವಷ್ಟರಲ್ಲಿ ಬಾಯಿ ಮಡಚಿಕೊಂಡಿತು. ಸದಸ್ಯರು ಒಬ್ಬೊಬ್ಬರಾಗಿ ಹಿಂದಕ್ಕೆ ತಂದರು. ಆ ತಪ್ಪು ನಮ್ಮದೇ. ಉಕ್ಕು ಯಾವುದು, ಹದ ಎಂಥದು ಎಂದು ಕೇಳದೆ ಹೆಸರು ಓದಿ ಕೊಂಡೆವು. ಹರಿತ ನಿಲ್ಲುವುದು ಉಕ್ಕಿನಲ್ಲಿರುವ ಇಂಗಾಲದಿಂದ ಮತ್ತು ಕಾಯಿಸಿ ಆರಿಸುವ ಹದದಿಂದ. ಹದ ಹೆಚ್ಚಾದರೆ ಬಾಯಿ ಚಕ್ಕೆ ಏಳುತ್ತದೆ, ಕಡಿಮೆಯಾದರೆ ಮಡಚುತ್ತದೆ. ಹಳೆಯ ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ನಮ್ಮ ಆಚಾರಿಯ ಕತ್ತಿ ಅಡಿಕೆಯ ಚೊಗರಿಗೆ ಕಪ್ಪಾದರೂ ಹರಿತ ಬಿಡುವುದಿಲ್ಲ.

ಹಾಗೆಂದು ಹೊಸತೆಲ್ಲ ಹುಸಿಯೆಂದು ನಾವು ಹೇಳುತ್ತಿಲ್ಲ. ಮರಗಸಿಗೆ ಹಾಲುವಾಣ ಏರಿದವನು ಒಂದು ಕೈಯಲ್ಲಿ ಕೊಂಬೆ ಹಿಡಿದಿರುವಾಗ ಹಗ್ಗ ಕೊಯ್ಯಬೇಕಾಗಿ ಬಂದರೆ, ಒಂದೇ ಕೈಯಲ್ಲಿ ತೆರೆಯುವ, ಬೀಗ ಬೀಳುವ ಚಾಕು ನಿಜಕ್ಕೂ ಉಪಕಾರಿ. ಮಳೆಗಾಲದಲ್ಲಿ ಜಾರದ ಹಿಡಿಯೂ ಬೇಕಾದದ್ದೇ. ಆದರೆ ಕಪ್ಪು ಬಣ್ಣ? ಕಾಫಿಗಿಡದ ಬುಡದ ದರಗಿನಲ್ಲಿ ಕಪ್ಪು ಚಾಕು ಬಿದ್ದರೆ ಮುಂದಿನ ವರ್ಷ ಗೊಬ್ಬರ ಹಾಕುವಾಗ ಸಿಕ್ಕೀತು! ಸ್ವಿಟ್ಸರ್ಲೆಂಡಿನ ಫೆಲ್ಕೋ ಕಪಾತು ಕತ್ತರಿಯ ಹಿಡಿ ಕೆಂಪಾಗಿರುವುದನ್ನು ನೋಡಿ. ದರಗಿನಲ್ಲಿ ಅದು ದೂರದಿಂದಲೇ ಕಾಣುತ್ತದೆ. ಅಂದು ಆ ಯುವ ಸದಸ್ಯರಿಗೂ ನಾವು ಇಷ್ಟನ್ನೇ ಹೇಳಿದೆವು. ಅವರು ಒಪ್ಪಿ, ಹಿಡಿಗೆ ಕೆಂಪು ಟೇಪು ಸುತ್ತಿಕೊಂಡಿದ್ದಾರೆ.

ನಮಗೆ ಹೆಚ್ಚು ಚಿಂತೆಯಾಗಿರುವುದು 'ಟ್ಯಾಕ್ಟಿಕಲ್' ಎಂಬ ಮಾತಿಗಿಂತ 'ಸಾಂಪ್ರದಾಯಿಕ' ಎಂಬ ಮಾತು. ಆ ಹೆಸರು ಬಿದ್ದ ವಸ್ತು ಗೋಡೆಗೇರುತ್ತದೆ, ಅದನ್ನು ಮಾಡುವವನು ಹಿಂದಿನ ಕಾಲದವನಾಗುತ್ತಾನೆ. ನಮ್ಮ ಸಂಘದ ವ್ಯಾಪ್ತಿಯಲ್ಲಿ ನಾವು ಸೇರಿದಾಗ ಐದು ಕುಲುಮೆಗಳಿದ್ದವು, ಈಗ ಉರಿಯುತ್ತಿರುವುದು ಎರಡು. ಒಂದರಲ್ಲಿ ಮಗ ಬಾಡಿಗೆ ಕಾರು ಓಡಿಸಲು ಹೋಗಿದ್ದಾನೆ. ಗಿರಾಕಿ ಇಲ್ಲವೆಂದಲ್ಲ. ಆಯುಧಪೂಜೆಯ ಹಿಂದಿನ ವಾರ ಎಲ್ಲರೂ ಒಟ್ಟಿಗೆ ಬರುತ್ತಾರೆ, ಮಳೆಗಾಲದ ಮೂರು ತಿಂಗಳು ಒಬ್ಬರೂ ಬರುವುದಿಲ್ಲ. ಆ ಮೂರು ತಿಂಗಳು ಒಲೆ ಉರಿಯಬೇಡವೇ?

ಆದ್ದರಿಂದ ಸಭೆಯ ಮುಂದೆ ನಮ್ಮ ಸಲಹೆ ಇಷ್ಟು. ಕೊಯ್ಲಿಗೆ ಬೇಕಾಗುವ ಕತ್ತಿ, ಮೆಟ್ಟುಗತ್ತಿಗಳ ಬೇಡಿಕೆಯನ್ನು ಸದಸ್ಯರು ಮೇ ತಿಂಗಳಲ್ಲೇ ಬರೆಸಲಿ. ಸಂಘ ಮುಂಗಡ ಕೊಟ್ಟು ಈ ಎರಡು ಕುಲುಮೆಗಳಿಂದ ಮಳೆಗಾಲದಲ್ಲಿ ಮಾಡಿಸಲಿ. ಮಳಿಗೆಯಲ್ಲಿಡುವ ಪ್ರತಿ ಕತ್ತಿಯ ಚೀಟಿಯ ಮೇಲೆ ಉಕ್ಕು, ತೂಕ, ಯಾವ ಕೆಲಸಕ್ಕೆ, ಯಾರು ಮಾಡಿದ್ದು ಎಂಬ ನಾಲ್ಕು ಮಾತು ಇರಲಿ. ಬಾಯಿ ಮಡಚಿದರೆ ಬದಲಿಸಿಕೊಡುವ ಹೊಣೆ ಸಂಘದ್ದಾಗಲಿ. ಹೊರಗಿನ ಮಾಲು ಬರಲಿ, ಬೇಡವೆನ್ನುವುದಿಲ್ಲ. ಆದರೆ ಅದೂ ಇದೇ ಚೀಟಿ ಕಟ್ಟಿಕೊಂಡು ಬರಲಿ.

ಸದಸ್ಯರು ಸಭೆಗೆ ಬರುವಾಗ ತಮ್ಮ ತಮ್ಮ ಕತ್ತಿಗಳನ್ನೂ ತರಬೇಕೆಂದು ಕೋರುತ್ತೇವೆ. ಕಚೇರಿಯ ಹಿಂದೆ ಒಣಗಿದ ರೊಬಸ್ಟಾ ಬೊಡ್ಡೆಯೊಂದನ್ನು ತೆಗೆದಿರಿಸಿದ್ದೇವೆ. ಯಾವುದು ಹಳತು, ಯಾವುದು ಹೊಸತು ಎಂಬುದನ್ನು ಅದರ ಮೇಲೆಯೇ ನೋಡೋಣ.

— ಕಾರ್ಯದರ್ಶಿ