ಸಂಧಿಪಾಠವೂ ಸಾಧನಸ್ವಾತಂತ್ರ್ಯವೂ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜಾಲತಾಣಗಳ ವಿನ್ಯಾಸದಿಂದ ಜೀವನ ಸಾಗಿಸುತ್ತಿರುವ ನಮ್ಮ ಹಳೆಯ ಶಿಷ್ಯನೊಬ್ಬನು 2009ನೆಯ ಇಸವಿಯಲ್ಲಿ ನಮಗೊಂದು ಚಲಿಸುವ ಚಿತ್ರಪಾಠವನ್ನು ಮಾಡಿಕೊಟ್ಟಿದ್ದನು. ‘ದೇವ’, ‘ಆಲಯ’ ಎಂಬೆರಡು ಶಬ್ದಗಳು ಪರದೆಯ ಮೇಲೆ ಒಂದನ್ನೊಂದು ಸಮೀಪಿಸುವವು. ಅಕಾರವೂ ಆಕಾರವೂ ಕೂಡಿ ಒಂದೇ ದೀರ್ಘವಾಗುವದು. ವರ್ಷಗಟ್ಟಲೆ ಹಲಗೆಯ ಮೇಲೆ ಖಡು ಸವೆಸಿದರೂ ನಾವು ತಿಳಿಸಲಾರದ ಸವರ್ಣದೀರ್ಘವನ್ನು ಮಕ್ಕಳು ಅರೆಗಳಿಗೆಯಲ್ಲಿ ಗ್ರಹಿಸಿದರು. ಕಳೆದ ತಿಂಗಳು ಅದನ್ನು ಮೊಮ್ಮಗಳಿಗೆ ತೋರಿಸಹೋದರೆ ಪಾಠವು ತೆರೆಯಲೇ ಇಲ್ಲ. ಬೇರೊಂದು ರೂಪಕ್ಕೆ ಇಳಿಸಿಟ್ಟುಕೊಳ್ಳಬೇಕೆಂದು ಶಿಷ್ಯನು ಹಿಂದೆಯೇ ಎಚ್ಚರಿಸಿದ್ದನು; ಆಲಸ್ಯವು ನಮ್ಮದು.

ಪಾಠವು ಫ್ಲ್ಯಾಶ್ ಎಂಬ ಸಾಧನದಿಂದ ಸಿದ್ಧವಾದದ್ದು. ಅಂಥವನ್ನು ನೋಡಲು ಪ್ರತಿಯೊಂದು ಗಣಕಯಂತ್ರದಲ್ಲಿಯೂ ಅದರದೇ ಒಂದು ಉಪಾಂಗವಿರಬೇಕಾಗಿತ್ತು. ವಿನ್ಯಾಸಕಾರರು ಅದನ್ನು ಮೆಚ್ಚಿದ್ದು ಸುಮ್ಮನೆ ಅಲ್ಲ. ಆಗಿನ ಎಷ್ಟೋ ಯಂತ್ರಗಳಲ್ಲಿ ನಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಫ್ಲ್ಯಾಶಿನೊಳಗೆ ಅಕ್ಷರಗಳನ್ನು ಆಕೃತಿಗಳಾಗಿಯೇ ಅಡಕಮಾಡಬಹುದಾದ್ದರಿಂದ ‘ಕ್ಷ್ಮಾ’ ಎಂಬದೂ ಎಲ್ಲೆಡೆಯಲ್ಲಿ ಒಂದೇ ತೆರನಾಗಿ ಕಾಣುತ್ತಿತ್ತು.

2007ರಲ್ಲಿ ಮೈಕ್ರೋಸಾಫ್ಟಿನವರು ಸಿಲ್ವರ್‌ಲೈಟನ್ನು ಅದಕ್ಕೆ ಇದಿರಾಗಿ ನಿಲ್ಲಿಸಿದರು. ಅದೇ ವರ್ಷ ಬಂದ ಆ್ಯಪಲ್ಲಿನ ಐಫೋನು ಫ್ಲ್ಯಾಶನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಫ್ಲ್ಯಾಶ್ ಒಬ್ಬರ ಸ್ವತ್ತು, ಬ್ಯಾಟರಿಯನ್ನು ಬರಿದು ಮಾಡುವದು, ಎಲ್ಲರಿಗೂ ಸೇರಿದ ಎಚ್‌ಟಿಎಂಎಲ್ 5 ಇರುವಾಗ ಅದೇಕೆ ಎಂದು ಸ್ಟೀವ್ ಜಾಬ್ಸ್ ಅವರು 2010ರ ಏಪ್ರಿಲಿನಲ್ಲಿ ಬಹಿರಂಗಪತ್ರ ಬರೆದರು. ಮರುತಿಂಗಳೇ ಫ್ಲ್ಯಾಶಿನ ಒಡೆಯರಾದ ಅಡೋಬಿಯವರು, ಸಾಧನವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವನ್ನು ಯಾರೂ ಕಸಿಯಬಾರದೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು, ಇಬ್ಬರಿಗೂ ವ್ಯಾಪಾರವಿತ್ತು. ತನ್ನ ಫೋನಿಗೆ ಬೇಕಾದ ತಂತ್ರಾಂಶಗಳನ್ನು ಇಂಥ ಸಾಧನಗಳಿಂದಲೇ ಮಾಡಬೇಕೆಂದು ಆ್ಯಪಲ್ ಸಹ ಆಗಲೇ ಕಟ್ಟು ಹಾಕಿ, ಸೆಪ್ಟೆಂಬರಿನಲ್ಲಿ ಅದನ್ನು ಸಡಿಲಿಸಿತು. ಮುಂದೆ ಫ್ಲ್ಯಾಶಿಗೆ 2020ರ ಡಿಸೆಂಬರ್ 31ರಂದು, ಸಿಲ್ವರ್‌ಲೈಟಿಗೆ 2021ರ ಅಕ್ಟೋಬರಿನಲ್ಲಿ ಒಡೆಯರ ಆಧಾರವು ನಿಂತಿತು.

ಬಡಿಗನಿಗೆ ಇಂಥದೇ ಉಳಿಯನ್ನು ಹಿಡಿ ಎಂದು ಕಟ್ಟಪ್ಪಣೆ ಮಾಡುವವನು ಬಾಗಿಲನ್ನು ಕೆಡಿಸುವನು. ಇದನ್ನು ನಾವು ಒಪ್ಪುವೆವು. ಆದರೆ ಮನೆಯವರು ಆ ಬಾಗಿಲನ್ನು ತೆರೆಯುವದಕ್ಕೂ ಉಳಿಯ ಒಡೆಯನನ್ನೇ ಕರೆಯಬೇಕಾದರೆ ಬಡಿಗನ ಸ್ವಾತಂತ್ರ್ಯವು ಯಾರಿಗೆ ಬಂತು?

ಕನ್ನಡದ ಬರವಣಿಗೆಯಲ್ಲಿ ಈ ತೊಡಕು ಬಹುಮಟ್ಟಿಗೆ ಬಿಡಿಸಿದೆ. ಹಿಂದೆ ಒಂದು ತಂತ್ರಾಂಶದಲ್ಲಿ ಬರೆದ ಪತ್ರವನ್ನು ಮತ್ತೊಂದರಲ್ಲಿ ತೆರೆದರೆ ಯಾವದೋ ಪ್ರೇತಲಿಪಿ ಕಾಣುತ್ತಿತ್ತು. ಈಗ ವಾಚಕರು ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸದಂತೆ ‘ನುಡಿ’ಯಲ್ಲಿ ಬರೆಯಲಿ, ಇಂಗ್ಲಿಷ್ ಅಕ್ಷರಗಳನ್ನೊತ್ತಿ ‘ಬರಹ’ದಲ್ಲಿ ಬರೆಯಲಿ, ಯೂನಿಕೋಡಿನಲ್ಲಿ ಉಳಿಸಿದರೆ ಕಕಾರವು ಎಲ್ಲರ ಮನೆಯಲ್ಲಿಯೂ ಕಕಾರವೇ.

ಶಿಷ್ಯನು ಮೊನ್ನೆ ಧಾರವಾಡಕ್ಕೆ ಬಂದವನು, ಹಳೆಯ ಫ್ಲ್ಯಾಶ್ ಕೃತಿಗಳನ್ನು ನಡೆಯಿಸುವ ‘ರಫಲ್’ ಎಂಬ ಮುಕ್ತ ತಂತ್ರಾಂಶದಿಂದ ನಮ್ಮ ಪಾಠವನ್ನು ತೆರೆದು ತೋರಿಸಿದನು. ದೇವ, ಆಲಯಗಳು ಮತ್ತೆ ಕೂಡಿದವು; ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಎಲ್ಲ ಯಂತ್ರಗಳಲ್ಲಿಯೂ ತೆರೆಯುವಂತೆ ಅದನ್ನು ಹೊಸದಾಗಿ ಮಾಡಿಕೊಡುವೆನೆಂದಿದ್ದಾನೆ. ಈ ಸಲ ಗುಣ, ವೃದ್ಧಿಗಳನ್ನೂ ಸೇರಿಸೆಂದು ಹೇಳಿ ಕಳುಹಿದ್ದೇವೆ.